ಅರ್ಧ ಗುಂಟೆಗೂ ಕಡಿಮೆ

ನಮ್ಮ ದೇವರಗುಡ್ಡದ ಕಡೆ ಭೂಮಿ ಇದೆ ಎನ್ನಬೇಕಾದರೆ ಪಹಣಿಯಲ್ಲಿ ಹೆಸರಿರಬೇಕು, ಬದುವಿನ ಮೇಲೆ ನಿಂತು ‘ಇಲ್ಲಿಂದ ಅಲ್ಲೀತನಕ ನಂದು’ ಎಂದು ಕೈ ತೋರಿಸುವಂತಿರಬೇಕು. ಬೆಂಗಳೂರಿನ ನನ್ನ ಫ್ಲ್ಯಾಟಿಗೆ ಇವೆರಡೂ ಇಲ್ಲ. ಕ್ರಯಪತ್ರದಲ್ಲಿ ಇರುವುದು ಕಟ್ಟಡದ ಕೆಳಗಿನ ನೆಲದಲ್ಲಿ 480 ಚದರಡಿಯ ಅವಿಭಕ್ತ ಪಾಲು. ಗುಂಟೆಗೆ 1089 ಚದರಡಿ. ಲೆಕ್ಕ ನೀವೇ ಹಾಕಿ.

ಊರಿಂದ ಬಂದ ಅಣ್ಣ, “ಎಲ್ಲೈತಪಾ ಅದು? ತೋರಸು ನೋಡೂಣು” ಎಂದ. ಕೆಳಗೆ ಕಾರುಗಳ ನಡುವೆ ನಿಲ್ಲಿಸಿ ಸುತ್ತಲೂ ಕೈ ಬೀಸಿದೆ. “ಎಲ್ಲಾ ಕಡೆ ಐತಿ ಅಣ್ಣಾ.”

“ಹಂಗಾರ ಎಲ್ಲೂ ಇಲ್ಲ ಅನ್ನು.”

ನಮ್ಮಪ್ಪ ಗೇಣಿದಾರ. 1974ರ ಭೂಸುಧಾರಣೆಯಲ್ಲಿ 7ನೇ ನಂಬರ್ ಫಾರಂ ಕೊಟ್ಟು, ಟ್ರಿಬ್ಯುನಲ್ ಮುಂದೆ ನಿಂತು, ಉಳುತ್ತಿದ್ದ ಹೊಲಕ್ಕೆ ಒಡೆಯನಾದ. ಆದೇಶ ಬಂದ ದಿನ ಕೆಲಸವೇನೂ ಇಲ್ಲದಿದ್ದರೂ ಸಂಜೆತನಕ ಬದುವಿನ ಮೇಲೆ ಕೂತಿದ್ದನಂತೆ. ಅದನ್ನು ನಾವು ಅಣ್ಣತಮ್ಮಂದಿರು ಹಂಚಿಕೊಂಡಿದ್ದೇ ಹಂಚಿಕೊಂಡಿದ್ದು, ಈಗ ಕೂರಿಗೆ ತಿರುಗಿಸಲೂ ಜಾಗವಿಲ್ಲ. ಒಡಹುಟ್ಟಿದವರ ಜೊತೆ ಕೂಡಿ ಬಾಳದ ನಾನು, ಹೆಸರೂ ಗೊತ್ತಿಲ್ಲದ ಅರವತ್ತು ಮನೆಯವರ ಜೊತೆ ಅವಿಭಕ್ತ ಕುಟುಂಬಸ್ಥ!

ನಮ್ಮ ಕಟ್ಟಡದ ಸಾಮಾನ್ಯ ಜಾಗವನ್ನು ಬಿಲ್ಡರು ಇನ್ನೂ ಬಿಟ್ಟುಕೊಟ್ಟಿಲ್ಲ. ಅದರ ಹಕ್ಕನ್ನು ಮನೆ ಕೊಂಡವರ ಸಂಘಕ್ಕೆ ಬರೆದುಕೊಡಬೇಕೆಂದು 2016ರ ರೇರಾ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಬರೆಸಿಕೊಳ್ಳಲು ಮೊದಲು ಸಂಘ ಬೇಕಲ್ಲ? ಸಭೆ ಸೇರಿದಾಗಲೆಲ್ಲ, 1972ರ ಅಪಾರ್ಟ್‌ಮೆಂಟ್ ಕಾಯ್ದೆಯಡಿ ನೋಂದಾಯಿಸೋಣ ಎಂದು ಎ ಬ್ಲಾಕಿನವರು, 1960ರ ಸಂಘಗಳ ಕಾಯ್ದೆಯೇ ಸಾಕು ಎಂದು ಬಿ ಬ್ಲಾಕಿನವರು, ಸಹಕಾರ ಸಂಘವೇ ಆಗಲಿ ಎಂದು ಲೆಕ್ಕಪತ್ರ ಬಲ್ಲ ಒಬ್ಬರು. ನಡುವೆ ಯಾರೋ ನಾಯಿಯ ವಿಷಯ ಎತ್ತುತ್ತಾರೆ. ಅಲ್ಲಿಗೆ ಸಭೆ ಮುಗಿದಂತೆ.

ಆಗೆಲ್ಲ ನನಗೆ ಆಯುಧಪೂಜೆಯ ದಿನದ ಗುಡ್ಡ ನೆನಪಾಗುತ್ತದೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಇಡೀ ಜನಸಾಗರ ಗಪ್‌ಚಿಪ್. ಒಂದೇ ಮಾತಿನ ಭವಿಷ್ಯವಾಣಿ, ಅಂದರೆ ಕಾರಣಿಕ, ನುಡಿದು ಕೆಳಕ್ಕೆ ಬೀಳುತ್ತಾನೆ. ಅರ್ಥ ಬಿಡಿಸಲು ಜನಕ್ಕೆ ವರ್ಷವಿಡೀ ಉಂಟು. ನಮ್ಮಲ್ಲಿ ಎಲ್ಲರೂ ಬಿಲ್ಲು ಹತ್ತಿದವರೇ, ಕೆಳಗೆ ಕೇಳುವವರಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿ ಹೊಲ ಪಡೆದ. ನಾವು ಪದವೀಧರರು ಯಾವ ಫಾರಂ ಎಂಬಲ್ಲೇ ಕೂತಿದ್ದೇವೆ.

ಫ್ಲ್ಯಾಟು ನೋಡಹೊರಟವರು ಅಡುಗೆಮನೆಯ ಗ್ರಾನೈಟು ಸವರುವ ಮೊದಲು, ಕೆಳಗಿನ ನೆಲ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಮುಜುಗರವಾದರೆ ನಮ್ಮಣ್ಣನನ್ನು ಕಳಿಸಿಕೊಡುತ್ತೇನೆ.