ಉಷ್ಣ ಆಗ್ಯಾದ, ಅಷ್ಟ

ನಮ್ಮ ಕಡೆ ಗಂಡಸಿನ 'ಆ ಜಾಗ'ದಲ್ಲಿ ಏನೇ ಆದರೂ ಅದಕ್ಕೆ ಒಂದೇ ಹೆಸರು, ಉಷ್ಣ. ಕೆಂಪಾದರೂ ಉಷ್ಣ, ಕಪ್ಪಾದರೂ ಉಷ್ಣ, ಚರ್ಮ ಸೀಳಿದರೂ ಉಷ್ಣ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಊರಿನ ಕಟ್ಟೆಯ ಮೇಲೆ ಕೇಳಿದರೂ ಮದ್ದೂ ಹೆಚ್ಚುಕಡಿಮೆ ಒಂದೇ. ಜೀರಿಗೆ ನೀರು ಕುಡಿ, ಸಬ್ಜಾ ನೆನೆಹಾಕಿ ಕುಡಿ, ಖಾರ ಬಿಡು.

ನಾನು ಈ ಗಡಿಭಾಗದ ಕನ್ನಡ ಮತ್ತು ಮರಾಠಿ ಪದಗಳ ಕೊಡುಕೊಳೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹೀಗಾಗಿ ಒಂದು ಮಾತು ಸಿಕ್ಕರೆ ಅದರ ಬೆನ್ನು ಹತ್ತುವ ಚಟ. ಮರಾಠಿಯ 'ಗರ್ಮಿ'ಗೆ ಸೆಕೆ ಎಂಬ ಅರ್ಥವೂ ಇದೆ, ಸಿಫಿಲಿಸ್ ಎಂಬ ಅರ್ಥವೂ ಇದೆ. ಅದೇ ರೋಗವನ್ನು 16ನೇ ಶತಮಾನದ ಭಾವಮಿಶ್ರ ತನ್ನ 'ಭಾವಪ್ರಕಾಶ'ದಲ್ಲಿ ಫಿರಂಗ ರೋಗ ಎಂದು ಕರೆದ, ಪರಂಗಿಗಳ ರೋಗ ಅಂತ. ಒಂದು ಹೆಸರು ತಪ್ಪನ್ನು ಪರದೇಶಿಯವನ ಮೇಲೆ ಹಾಕುತ್ತದೆ, ಇನ್ನೊಂದು ಮೈಯ ಕಾವಿನ ಮೇಲೆ. ಆದರೆ ಮಾತಿನ ಹಿಂದಿನ ಗುಮಾನಿ ಹೋಗುವುದಿಲ್ಲ. ಬಾಯಲ್ಲಿ ಉಷ್ಣ ಅಂದರೂ ಕೇಳಿದವನ ಮನಸ್ಸು 'ಎಲ್ಲಿ ಹೋಗಿದ್ದನೋ' ಎಂದೇ ಓಡುತ್ತದೆ. ಅದಕ್ಕೇ ಯಾರೂ ಹೇಳುವುದಿಲ್ಲ.

ನನಗೆ ಇದು ಬರೀ ಪದದ ವಿಷಯವಾಗಿ ಉಳಿಯಲಿಲ್ಲ. ಎರಡು ವರ್ಷದ ಹಿಂದೆ ನನ್ನ ಶಿಶ್ನದ ತುದಿಯಲ್ಲಿ ನಾಲ್ಕಾಣೆಯಷ್ಟಗಲದ ಒಂದು ಕಲೆ ಎದ್ದಿತು. ಮೊದಲು ಕೆಂಪಗೆ ಉರಿಯಿತು, ಆಮೇಲೆ ಕಪ್ಪಾಗಿ ನಿಂತಿತು. ಯಾರ ಸಂಗವೂ ಇಲ್ಲದವನು ನಾನು. ಆದರೂ ಹಾಸ್ಟೆಲ್ಲಿನ ರಾತ್ರಿಗಳಲ್ಲಿ ಏಡ್ಸ್, ಕುಷ್ಠ, ಕ್ಯಾನ್ಸರ್ ಎಲ್ಲವೂ ಬಂದು ಹೋದವು. ಅದೇ ಹೊತ್ತಿಗೆ ಮನೆಯಲ್ಲಿ ನನಗೆ ಕನ್ಯೆ ನೋಡುವ ಮಾತು ನಡೆದಿತ್ತು. ಅವ್ವ ಫೋನ್ ಮಾಡಿದಾಗೆಲ್ಲ "ಥೀಸಿಸ್ ಮುಗೀಲಿ" ಎಂದು ಮುಂದೂಡುತ್ತಿದ್ದೆ. ನಾಲ್ಕು ತಿಂಗಳಾದ ಮೇಲೆ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಮತ್ತೆ ಕೆಂಪಾದಾಗ ಬೆಳಗಾವಿಯ ಒಬ್ಬ ಚರ್ಮವೈದ್ಯರ ಹತ್ತಿರ ಹೋದೆ.

ಅವರು ನೋಡಿದ್ದು ಅರ್ಧ ನಿಮಿಷ. ಕೇಳಿದ್ದು ಒಂದೇ ಪ್ರಶ್ನೆ: "ಇದು ಏಳೂಕಿಂತ ಮೊದಲ ಯಾವ ಗುಳಿಗಿ ತಗೊಂಡಿದ್ರಿ?"

ಎರಡೂ ಸಲ ಭೇದಿಯಾಗಿತ್ತು. ಎರಡೂ ಸಲ ಡಾಕ್ಟರು ಬರೆದುಕೊಟ್ಟ ಒಂದೇ ಗುಳಿಗೆ ನುಂಗಿದ್ದೆ. ನಾರ್‌ಫ್ಲಾಕ್ಸಸಿನ್, ಟಿನಿಡಜೋಲ್ ಕೂಡಿಸಿದ್ದು. ಕೆಲವರ ಮೈಗೆ ಇಂಥ ಔಷಧಿ ಒಗ್ಗುವುದಿಲ್ಲ. ಸಲ್ಫಾ ಗುಳಿಗೆ, ಕೆಲವು ನೋವಿನ ಗುಳಿಗೆಗಳಿಂದಲೂ ಹೀಗಾಗುತ್ತದಂತೆ. ತುಟಿಯ ಮೇಲೆ ಇಲ್ಲವೇ ಶಿಶ್ನದ ಮೇಲೆ ಕಲೆ ಏಳುತ್ತದೆ, ಅದೇ ಔಷಧಿ ಮತ್ತೆ ನುಂಗಿದರೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಅಂಟುರೋಗವಲ್ಲ. ವೈದ್ಯರು ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದು, "ಇದನ್ನ ಪಾಕೀಟಿನ್ಯಾಗ ಇಟಗೋರಿ, ಯಾವ ದವಾಖಾನಿಗೆ ಹೋದ್ರೂ ತೋರಸ್ರಿ" ಎಂದರು.

ಊರಿಗೆ ಹೋದಾಗ ಇದನ್ನು ನಮ್ಮ ಕಾಕಾನ ಮುಂದೆ ಹೇಳಿದೆ. ನಗಬಹುದು ಅಂದುಕೊಂಡಿದ್ದೆ. ಕಾಕಾ ಬಹಳ ಹೊತ್ತು ಸುಮ್ಮನಿದ್ದು, "ನನಗೂ ಐತಿ ತಮ್ಮಾ" ಅಂದ. ಮುಂದೊಗಲು ಸೀಳಿ, ಬೆಳ್ಳಗಾಗಿ, ಹಿಂದೆ ಸರಿಯದಂತೆ ಬಿಗಿದಿತ್ತು. ಒಂದೂವರೆ ವರ್ಷದಿಂದ. ಕಬ್ಬಿಗೆ ರಾತ್ರಿ ಕರೆಂಟ್ ಬರುತ್ತದೆ, ನೀರು ಬಿಡಬೇಕು ಎಂಬ ನೆಪ ಮಾಡಿ ತೋಟದ ಮನೆಯಲ್ಲೇ ಮಲಗುತ್ತಿದ್ದ. ಕಾಕೂ ಅದಕ್ಕೆ ಬೇರೆಯೇ ಅರ್ಥ ಕಲ್ಪಿಸಿಕೊಂಡು ಒಳಗೊಳಗೇ ಬೇಯುತ್ತಿದ್ದಳು.

ಮರುದಿನ ಅಥಣಿಗೆ ಕರೆದುಕೊಂಡು ಹೋದೆ. ಡಾಕ್ಟರು ಮೊದಲು ಬೆರಳು ಚುಚ್ಚಿದರು. ಖಾಲಿ ಹೊಟ್ಟೆಯಲ್ಲೇ ಸಕ್ಕರೆ 280. ಸಕ್ಕರೆ ಏರಿದವರ ಮುಂದೊಗಲಿನಲ್ಲಿ ಬೂಷ್ಟು ಬೇಗ ಬೆಳೆಯುತ್ತದೆ. ಎಷ್ಟೋ ಗಂಡಸರಿಗೆ ಸಕ್ಕರೆ ಕಾಯಿಲೆಯ ಮೊದಲ ಸುಳಿವು ಅದೇ. ಮನೆಗೆ ಬಂದು ಹೇಳಿದಾಗ ಕಾಕೂ ಸೆರಗಿನಿಂದ ಮುಖ ಒರೆಸಿಕೊಂಡು, "ಇಷ್ಟ ಇತ್ತೇನ?" ಅಂದಳು. ಒಂದೂವರೆ ವರ್ಷ ಸಂಸಾರ ಬೇಯಿಸಿದ್ದು ರೋಗವಲ್ಲ, ಆ ಉಷ್ಣ ಎಂಬ ಮಾತು.

ಆಮೇಲೆ ಕ್ಷೇತ್ರಕಾರ್ಯಕ್ಕೆ ಹೋದಲ್ಲೆಲ್ಲ ಈ ವಿಷಯವನ್ನೂ ಎತ್ತತೊಡಗಿದೆ. ರಾಯಬಾಗದ ಒಬ್ಬ ಹುಡುಗ ಶಿಶ್ನದ ತಲೆಯ ಅಂಚಿನಲ್ಲಿರುವ ಮುತ್ತಿನಂಥ ಸಣ್ಣ ಗುಳ್ಳೆಗಳ ಸಾಲಿಗೆ ಹೆದರಿ ಮದುವೆಯೇ ಬೇಡವೆಂದು ಕೂತಿದ್ದ. ಅವು ರೋಗವೇ ಅಲ್ಲ, ಬಹಳ ಗಂಡಸರಲ್ಲಿ ಹುಟ್ಟುಗುಣದಂತೆ ಇರುತ್ತವೆ. ಇನ್ನೊಬ್ಬ ಕಬ್ಬು ಕಡಿಯುವವನು ತೊಡೆಸಂದಿಯ ಗಜಕರ್ಣಕ್ಕೆ ಔಷಧಿ ಅಂಗಡಿಯ ಮುಲಾಮು ಹಚ್ಚಿ ಹಚ್ಚಿ ಬೆಂಕಿಯಂತೆ ಹಬ್ಬಿಸಿಕೊಂಡಿದ್ದ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಎರಡು ದಿನ ತುರಿಕೆ ನಿಲ್ಲುತ್ತದೆ, ಬಿಟ್ಟರೆ ಇಮ್ಮಡಿ. ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. 'ಗುಪ್ತರೋಗ'ದ ಜಾಹೀರಾತಿಗೆ 1954ರಿಂದ ಕಾನೂನಿನ ತಡೆ ಇದೆ, ಆದರೂ ಬಸ್‌ಸ್ಟ್ಯಾಂಡ್ ಗೋಡೆಗಳಲ್ಲಿ ಅದು ಅಳಿಸಿಲ್ಲ. ಗೋಡೆಗಿಂತ ಮೊದಲು ಗುಪ್ತ ಮಾಡಿದವರು ನಾವೇ ಅಲ್ಲವೇ?

ಹಾಗಂತ ಎಲ್ಲವೂ ಸಣ್ಣದಲ್ಲ. ನೋವಿಲ್ಲದ ಹುಣ್ಣು ಸಿಫಿಲಿಸ್ ಆಗಿರಬಹುದು, ಪೆನಿಸಿಲಿನ್‌ನಿಂದ ವಾಸಿಯಾಗುತ್ತದೆ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಗಂಟು, ಗಟ್ಟಿಯಾದ ಬಿಳಿ ಮಚ್ಚೆ ಕ್ಯಾನ್ಸರಿನ ಸುಳಿವೂ ಇರಬಹುದು. ಯಾವುದು ಯಾವುದೆಂದು ಹೇಳಲು ಯಾರಾದರೂ ತಿಳಿದವರು ನೋಡಲೇಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಕೋಣೆ ಇರುತ್ತದೆ, ಅಲ್ಲಿ ತಪಾಸಣೆಯೂ ಔಷಧಿಯೂ ಪುಕ್ಕಟೆ.

ನಮ್ಮ ಸೀಮೆಯಲ್ಲಿ ಈ ಮಾತನ್ನು ಮೊದಲು ಬಾಯಿಬಿಟ್ಟು ಆಡಿದವರು ಗಂಡಸರಲ್ಲ. 1996ರಲ್ಲಿ ಸಾಂಗ್ಲಿಯ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳು 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್' ಕಟ್ಟಿಕೊಂಡರು. ಅವರ ಕೆಲಸ ನಿಪ್ಪಾಣಿಯವರೆಗೂ ಬಂತು. ಅವರಲ್ಲಿ ಎಷ್ಟೋ ಜನ ಕನ್ನಡ ಮಾತಾಡುವವರು, ದೇವದಾಸಿ ಪದ್ಧತಿಯಿಂದ ಬಂದವರು. ಎಚ್‌ಐವಿ ಬಂದ ಕಾಲದಲ್ಲಿ ಕಾಂಡೋಮ್ ಹಂಚುತ್ತ, ಮೈಯ ಭಾಗಗಳ ಹೆಸರು ಹೇಳುತ್ತ, ಹುಣ್ಣಿದ್ದವರನ್ನು ದವಾಖಾನೆಗೆ ಕಳಿಸುತ್ತ ತಿರುಗಿದರು. ಊರು ಯಾರನ್ನು ನಾಚಿಕೆಗೆಟ್ಟವರು ಅಂದಿತೋ ಅವರಿಂದಲೇ ಎಷ್ಟೋ ಸಂಸಾರಗಳು ಉಳಿದವು.

ನನ್ನ ಪದಪಟ್ಟಿಯಲ್ಲಿ ಈಗ 'ಉಷ್ಣ'ದ ಮುಂದೆ ಒಂಬತ್ತು ಅರ್ಥಗಳಿವೆ. ಡಾಕ್ಟರ ಮುಂದೆ ಅದರ ಒಂದೂ ಬೇಕಾಗಿಲ್ಲ. "ಶಿಶ್ನದ ಮ್ಯಾಲ ಒಂದ ಕಲೆ ಎದ್ದೈತ್ರಿ, ಇಷ್ಟ ದಿನ ಆತು, ಈ ಗುಳಿಗಿ ತಗೊಂಡಿದ್ದೆ" ಅಂದರೆ ಸಾಕು. ಕಾಕಾ ಈಗ ತಿಂಗಳಿಗೊಮ್ಮೆ ಸಕ್ಕರೆ ನೋಡಿಸಲು ಅಥಣಿಗೆ ಹೋಗುತ್ತಾನೆ. ಹೋಗುವಾಗ ಕಟ್ಟೆಯ ಗೆಳೆಯರಲ್ಲಿ ಒಬ್ಬರನ್ನಾದರೂ ಗಾಡಿಯ ಹಿಂದೆ ಕೂಡಿಸಿಕೊಂಡೇ ಹೋಗುತ್ತಾನೆ.