ಮಾಕುಟ್ಟವಿಳಿದು ಕಡಲಿಗೆ

ಕಳೆದ ಮಾಘಮಾಸದಲ್ಲಿ ಅರಮೇರಿ ಕಳಂಚೇರಿ ಮಠದ ದರ್ಶನಕ್ಕೆಂದು ಹೋದವನು ವಿರಾಜಪೇಟೆಯ ಶರಣಬಂಧುಗಳೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆ. ಆ ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. ಅವರ ಅತ್ತೆಯವರು ಎಂಬತ್ತೆರಡು ವರ್ಷದ ಹಿರಿಯ ತಾಯಿ, ಉತ್ತರ ಕೊಡಗಿನ ಕೊಡ್ಲಿಪೇಟೆ ಸೀಮೆಯವರು. ರಾತ್ರಿ ಪ್ರಸಾದ ಸ್ವೀಕರಿಸಿ ಕುಳಿತಾಗ ಆ ತಾಯಿ, "ನನಗೆ ಕಾಶಿ ಬೇಡ, ಶ್ರೀಶೈಲ ನೋಡಿ ಆಗಿದೆ. ಸಮುದ್ರ ಒಂದು ನೋಡಿಲ್ಲ ಅಯ್ಯನವ್ರೆ" ಎಂದರು. ಅವರ ತಂದೆಯವರು ಏಲಕ್ಕಿ ಮೂಟೆಗಳೊಡನೆ ತಲಚೇರಿಗೆ ಹೋಗಿ ಬಂದಾಗಲೆಲ್ಲ ಕಡಲಿನ ಕಥೆ ಹೇಳುತ್ತಿದ್ದರಂತೆ. ಕಥೆ ಕೇಳುತ್ತಲೇ ಬಾಲ್ಯ ಕಳೆಯಿತು, ಮದುವೆಯಾಯಿತು, ಮಕ್ಕಳಾದವು. ವಿರಾಜಪೇಟೆಯಿಂದ ಕಡಲತೀರಕ್ಕೆ ನೂರು ಕಿಲೋಮೀಟರು ಕೂಡ ಇಲ್ಲ. ಅಷ್ಟು ಹತ್ತಿರವಿದ್ದೂ ಆ ಜೀವಕ್ಕೆ ಅದು ಎಂಬತ್ತೆರಡು ವರ್ಷಗಳ ದೂರವಾಗಿತ್ತು.

ಮರುದಿನವೇ ಹೊರಡುವುದೆಂದು ನಿಶ್ಚಯವಾಯಿತು. ನಸುಕಿನಲ್ಲೆದ್ದು ಲಿಂಗಪೂಜೆ ಮುಗಿಸಿ ಆರು ಗಂಟೆಗೆ ವಾಹನವೇರಿದೆವು. ಯಜಮಾನರು, ಅವರ ಪತ್ನಿ, ಹತ್ತು ವರ್ಷದ ಮೊಮ್ಮಗಳು, ಹಿರಿಯ ತಾಯಿ ಮತ್ತು ನಾನು.

ಪೆರುಂಬಾಡಿ ದಾಟುತ್ತಲೇ ರಸ್ತೆ ಇಳಿಯತೊಡಗುತ್ತದೆ. ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಹರಿದ ನೀರು ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ಬಾರಪೊಳೆಯಾಗಿ, ಮುಂದೆ ವಳಪಟ್ಟಣಂ ಹೊಳೆಯೊಡನೆ ಕಣ್ಣೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದೇ ಮೋಡದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುವ ಜಾಗವದು. ಅಲ್ಲಿಂದ ಮುಂದೆ ಹಸಿರು ಕತ್ತಲೆಯ ಕಾಡು, ತಿರುವಿನ ಮೇಲೆ ತಿರುವು. ಆ ಕಾಡಿನ ಕೊನೆಗೆ ಮಾಕುಟ್ಟ. ನಾಲ್ಕಾರು ಅಂಗಡಿ, ತನಿಖಾ ಠಾಣೆ, ಮುಂದಕ್ಕೆ ಕೂಟುಪುಳ ಸೇತುವೆ; ಅದರಾಚೆ ಕೇರಳ. ಹೆಚ್ಚಿನ ಪ್ರಯಾಣಿಕರು ಈ ಊರಿನ ಹೆಸರನ್ನೂ ಗಮನಿಸದೆ ಹೋಗುತ್ತಾರೆ. ಆದರೆ ಇದು ಕೊಡಗಿನ ಪಡುವಣ ಬಾಗಿಲು. 2018ರ ಮಳೆಗಾಲದಲ್ಲಿ ಈ ದಾರಿ ಅಲ್ಲಲ್ಲಿ ಕುಸಿದು ಸಂಚಾರ ನಿಂತುಹೋಗಿತ್ತು. 2020ರ ಮಾರ್ಚಿನಲ್ಲಿ ಕೊರೋನಾ ಹಾವಳಿಯ ದಿನಗಳಲ್ಲಿ ಗಡಿಗೆ ಮಣ್ಣು ಸುರಿದು ದಾರಿಯನ್ನೇ ಮುಚ್ಚಲಾಗಿತ್ತು. ಬಾಗಿಲು ಮುಚ್ಚಿದಾಗಲೇ ಅದು ಎಷ್ಟು ಮನೆಗಳ ಅನ್ನದ ಬಾಗಿಲು ಎಂಬುದು ತಿಳಿಯಿತೆಂದು ಯಜಮಾನರು ಹೇಳಿದರು.

ನಮ್ಮ ಸಮಾಜದವರು ಈ ಘಟ್ಟವನ್ನು ಇಳಿಯುವಾಗ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಕೊಡಗನ್ನಾಳಿದ ಹಾಲೇರಿ ಅರಸರು ಶಿವಾಚಾರಸಂಪನ್ನರಾದ ಲಿಂಗಾಯತರು. ಅವರ ಮೂಲಪುರುಷನು ಜಂಗಮವೇಷದಲ್ಲಿ ಈ ನಾಡಿಗೆ ಬಂದನೆಂಬುದು ಐತಿಹ್ಯ. ಆ ವಂಶದ ದೊಡ್ಡ ವೀರರಾಜೇಂದ್ರನು 1788ರಲ್ಲಿ ಪಿರಿಯಾಪಟ್ಟಣದಲ್ಲಿದ್ದ ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದು ನಾಡನ್ನು ಮರಳಿ ಗಳಿಸುವಾಗ ನೆರವಿಗಾಗಿ ನೋಡಿದ್ದು ಈ ಪಡುವಣ ದಿಕ್ಕನ್ನೇ. 1790ರ ಅಕ್ಟೋಬರಿನಲ್ಲಿ ತಲಚೇರಿಯ ಇಂಗ್ಲಿಷ್ ಕೋಠಿಯ ಮುಖ್ಯಾಧಿಕಾರಿ ರಾಬರ್ಟ್ ಟೇಲರನೊಡನೆ ಒಪ್ಪಂದವಾಯಿತು. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ ಕಡಲತೀರದಿಂದ ಕೊಡಗನ್ನು ಹಾದು ಶ್ರೀರಂಗಪಟ್ಟಣದತ್ತ ಸಾಗಿತು. ಅರಸನು ಅದಕ್ಕೆ ದವಸವನ್ನೂ ಎತ್ತುಗಳನ್ನೂ ಒದಗಿಸಿದನು. ಅದರ ನೆನಪಿಗೆ ಕಟ್ಟಿಸಿದ ಪೇಟೆಯೇ ವೀರರಾಜೇಂದ್ರಪೇಟೆ, ಇಂದಿನ ವಿರಾಜಪೇಟೆ. ಸ್ನೇಹ ಬಂದ ದಾರಿಯಲ್ಲೇ 1834ರಲ್ಲಿ ಕರ್ನಲ್ ಫೌಲಿಸನ ದಂಡು ಕಣ್ಣೂರಿನಿಂದ ಹೆಗ್ಗಳದ ಕಣಿವೆಯನ್ನೇರಿ ಬಂದಿತು. ಕೊಡವ ಯೋಧರು ಕಾಡಿನಲ್ಲಿ ಅದನ್ನು ತಡೆದು ಹೋರಾಡಿದರು. ಆದರೆ ಅದೇ ವರ್ಷ ಹಾಲೇರಿಯವರ ಆಳ್ವಿಕೆ ಮುಗಿಯಿತು. ಒಪ್ಪಂದಕ್ಕೂ ಅಂತ್ಯಕ್ಕೂ ನಡುವೆ 44 ವರ್ಷ. ತೀರದಲ್ಲಿ ಸಿಕ್ಕ ಆಸರೆಯನ್ನು ಅರಸನು ಪಡೆದದ್ದು ತಪ್ಪೆಂದು ನಾನು ಹೇಳಲಾರೆ. ಅವನ ಮುಂದೆ ಬೇರೆ ದಾರಿ ಇರಲಿಲ್ಲ.

ಇರಿಟ್ಟಿ, ಮಟ್ಟನ್ನೂರು, ಕೂತುಪರಂಬಗಳನ್ನು ಬೇಗನೆ ದಾಟಿದೆವು. ಮಟ್ಟನ್ನೂರಿನಲ್ಲಿ 2018ರ ಡಿಸೆಂಬರಿನಿಂದ ವಿಮಾನ ನಿಲ್ದಾಣವಿದೆ. ಮೊಮ್ಮಗಳು ಆಕಾಶ ನೋಡುತ್ತ ಕುಳಿತಳು, ವಿಮಾನ ಬರಲಿಲ್ಲ. ತಲಚೇರಿಯಿಂದ ಕಣ್ಣೂರಿನತ್ತ ತಿರುಗಿದ ಕೂಡಲೇ ಇಲ್ಲಿಕ್ಕುನ್ನು ಎಂಬ ದಿಣ್ಣೆಯಿದೆ. ಮಲಯಾಳ ಭಾಷೆಗೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಬಾಳಿದ ಬಂಗಲೆ ಅಲ್ಲಿದೆ. ಆತನ ಗೆಳೆಯ ಹರ್ಮನ್ ಮೋಗ್ಲಿಂಗನೇ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವನು, ಮುಂದೆ ಕೊಡಗಿನಲ್ಲಿಯೂ ಇದ್ದವನು. ನಮ್ಮ ಭೀಮಕವಿಯ ಬಸವಪುರಾಣವನ್ನು ಮೊದಮೊದಲು ಅಚ್ಚಿಗೆ ತಂದವರಲ್ಲಿ ಅವನೂ ಒಬ್ಬ. ಮತಪ್ರಚಾರಕ್ಕೆ ಬಂದವರು ನಮ್ಮ ಪುರಾಣವನ್ನು ಅಚ್ಚು ಹಾಕಿದರು. ನಮ್ಮವರು ಆಗ ಓಲೆಗರಿಗಳನ್ನು ಪೂಜೆಗಿಟ್ಟಿದ್ದರು. ಈ ಮಾತು ಕೆಲವರಿಗೆ ಹಿಡಿಸದಿರಬಹುದು, ಇರಲಿ.

ಕಣ್ಣೂರು ತಲಚೇರಿಗಳ ನಡುವಿನ ಕರಾವಳಿ ಸೌಮ್ಯವಾದುದಲ್ಲ. ಕೆಂಪು ಮುರಕಲ್ಲಿನ ದಿಣ್ಣೆಗಳು ಕಡಲಿಗೆ ಮೂತಿ ಚಾಚಿ ನಿಂತಿವೆ. ಅಲ್ಲಲ್ಲಿ ಕರಿಬಂಡೆಗಳ ಹಲ್ಲುಸಾಲು. ಅವುಗಳಿಗೆ ತೆರೆಗಳು ಬಡಿಯುವ ಸದ್ದು ರಸ್ತೆಯವರೆಗೂ ಕೇಳುತ್ತದೆ. ಇಂತಹ ಒರಟು ತೀರದ ನಡುವೆ, ರಾಷ್ಟ್ರೀಯ ಹೆದ್ದಾರಿಗೆ ಸಮೀಪದಲ್ಲೇ, ತೆಂಗಿನ ತೋಟಗಳ ಹಿಂದೆ ಮುಳಪ್ಪಿಲಂಗಾಡಿನ ಮರಳದಂಡೆ ಸುಮಾರು ನಾಲ್ಕು ಕಿಲೋಮೀಟರು ಉದ್ದಕ್ಕೆ ಮಲಗಿದೆ. ನೀರಿನೊಳಗಿರುವ ಕರಿಬಂಡೆಗಳು ಹೊರಗಡಲಿನ ಸೆಳೆತವನ್ನು ಅಲ್ಲಿಯೇ ತಡೆದು ಮುರಿಯುತ್ತವೆ. ಒಳಗೆ ಬರುವ ನೀರು ಬಲಗುಂದಿ ಹರಡಿ ದಂಡೆಯನ್ನು ತೊಳೆದು ಹಿಂದಿರುಗುತ್ತದೆ. ಮರಳು ನುಣುಪಾಗಿ ತೇವದಿಂದ ಬಿಗಿದುಕೊಂಡಿರುವುದರಿಂದ ಅದರ ಮೇಲೆ ವಾಹನಗಳನ್ನೂ ಓಡಿಸುತ್ತಾರೆ. ರಜಾದಿನಗಳಲ್ಲಿ ಇದು ಜಾತ್ರೆಯಾಗುತ್ತದಂತೆ. ನಾವು ಹೋದದ್ದು ವಾರದ ನಡುವಿನ ದಿನ, ಬೆಳಗಿನ ಹೊತ್ತು, ಆದ್ದರಿಂದ ನಿಶ್ಶಬ್ದವಾಗಿತ್ತು. ನಮ್ಮ ವಾಹನವನ್ನು ಮರಳಿಗೆ ಇಳಿಸುವುದು ಬೇಡವೆಂದು ನಾನು ಹಟ ಹಿಡಿದೆ. ಸಮುದ್ರದ ಮುಂದೆ ನಡೆದೇ ಹೋಗಬೇಕು.

ತೆಂಗಿನ ಸಾಲು ಮುಗಿದು ಬಯಲು ತೆರೆದುಕೊಂಡಿತು. ಹಿರಿಯ ತಾಯಿ ಮೊಮ್ಮಗಳ ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತರು. ಅವರು ಕೈ ಮುಗಿಯುವರು, ಕಣ್ಣೀರು ಇಡುವರು ಎಂದೇ ನಾವೆಲ್ಲ ಕಾದೆವು. ಬಹಳ ಹೊತ್ತು ನೋಡಿ ಅವರು ಕೇಳಿದ್ದು:

"ಇದೇನಾ ಅಯ್ಯನವ್ರೆ ಸಮುದ್ರ? ನಮ್ಮೂರ ಕೆರೆ ಥರ ಇದೆಯಲ್ಲ."

ಎಲ್ಲರೂ ನಕ್ಕರು. ಅವರು ನಗಲಿಲ್ಲ. "ನಮ್ಮೂರಿಗೆ ಬಂದು ಶ್ರಾವಣದಲ್ಲಿ ಪ್ರವಚನ ಹೇಳಿದ್ರಿ. ಅಕ್ಕನ ವಚನ ಹೇಳಿ, ಸಮುದ್ರದ ತೆರೆ ಅಂದ್ರೆ ಮನೆಮಾರು ನುಂಗೋ ರಾಕ್ಷಸ ಅಂದ್ರಿ. ಅವತ್ತು ನನಗೆ ರಾತ್ರಿ ನಿದ್ದೆ ಬರಲಿಲ್ಲ. ಆ ತೆರೆ ಎಲ್ಲಿ?"

ನನಗೆ ಉತ್ತರ ತೋಚಲಿಲ್ಲ. ಅಕ್ಕಮಹಾದೇವಿಯವರ ಒಂದು ವಚನದಲ್ಲಿ ಕಡಲದಂಡೆಯ ಮನೆಯ ದೃಷ್ಟಾಂತವಿದೆ, ಓದುಗರೆಲ್ಲರಿಗೂ ಗೊತ್ತಿರುವುದೇ. ಮಠದಲ್ಲಿ ಗುರುಗಳ ಪಾದದ ಬಳಿ ಕುಳಿತು ಅದನ್ನು ಕಲಿತವನು ನಾನು. ನಲವತ್ತು ವರ್ಷಗಳಿಂದ ಎಷ್ಟೋ ಊರುಗಳಲ್ಲಿ ಅದನ್ನು ವ್ಯಾಖ್ಯಾನಿಸಿದ್ದೇನೆ. ಹೇಳುವ ಆವೇಶದಲ್ಲಿ ತೆರೆಯನ್ನು ಭಯಂಕರವಾಗಿ ಬಣ್ಣಿಸಿದಷ್ಟೂ ಸಭೆ ತಲೆದೂಗುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಬಯಲುಸೀಮೆ. ಕಡಲನ್ನು ಎರಡು ಸಲ ಬಸ್ಸಿನ ಕಿಟಕಿಯಿಂದ ಕಂಡದ್ದುಂಟು. ಅದರ ದಂಡೆಯಲ್ಲಿ ಒಂದು ಹಗಲನ್ನಾದರೂ ಕಳೆದವನಲ್ಲ. ಕೋಪವಿಲ್ಲದೆ, ಸುಮ್ಮನೆ ತಿಳಿಯಲೆಂದು ಆ ತಾಯಿ ಕೇಳಿದ್ದರು. ಆದ್ದರಿಂದಲೇ ಅದು ನಾಟಿತು.

"ಬನ್ನಿ ತಾಯಿ, ಹುಡುಕೋಣ" ಎಂದು ದಕ್ಷಿಣದ ಅಂಚಿಗೆ ನಿಧಾನವಾಗಿ ನಡೆಸಿಕೊಂಡು ಹೋದೆವು. ಅಲ್ಲಿಂದ ಧರ್ಮಡಂ ನಡುಗಡ್ಡೆ ಹಸಿರು ಗುಡ್ಡೆಯಂತೆ ಕಾಣುತ್ತದೆ. ನೀರು ಇಳಿದಿದ್ದರಿಂದ ಬಂಡೆಗಳು ಬೆನ್ನು ತೋರಿದ್ದವು. ಅವುಗಳ ಆಚೆ ನೋಡಿದರೆ ಬೇರೆಯೇ ಲೋಕ. ತೆರೆ ಎದ್ದು, ಬಂಡೆಗೆ ಅಪ್ಪಳಿಸಿ, ಬೆಳ್ಳನೆ ಸಿಡಿದು, ಮತ್ತೆ ಹಿಂಜರಿದು ಬರುತ್ತಿತ್ತು. ಬಂಡೆಯ ಈಚೆ ಮೊಣಕಾಲುದ್ದ ನೀರಿನಲ್ಲಿ ಮೊಮ್ಮಗಳು ಆಡುತ್ತಿದ್ದಳು. ಆಚೆ ಇಬ್ಬರು ತರುಣರು ಅಲೆಗಳ ನಡುವೆ ಮುಳುಗಿ ಕಲ್ಲಿಗಂಟಿದ ಚಿಪ್ಪುಜೀವಿಗಳನ್ನು ಕಿತ್ತು ಬಲೆಯ ಚೀಲಕ್ಕೆ ತುಂಬುತ್ತಿದ್ದರು. ಅದು ನಮ್ಮ ಆಹಾರವಲ್ಲ. ಆದರೆ ಅದು ಅವರ ದುಡಿಮೆ, ಪ್ರಾಣವನ್ನೊತ್ತೆಯಿಟ್ಟು ಮಾಡುವ ಕೆಲಸ. ಅಂಬಿಗರ ಚೌಡಯ್ಯನನ್ನು ಶರಣನೆಂದು ನಮಿಸುವ ನಾವು ನೀರಿನ ಮೇಲೆ ಬಾಳುವವರನ್ನು ಮೂಗು ಮುರಿದು ನೋಡುವಂತಿಲ್ಲ. ಅವರಲ್ಲೊಬ್ಬನು ಮೇಲೆ ಬಂದು ಕುಳಿತಾಗ, ಯಜಮಾನರು ತಮಗೆ ಬರುವ ಮಲಯಾಳದಲ್ಲಿ, ತೆರೆಗೆ ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದರು. ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. ತೆಂಗಿನ ತೋಪಿನ ಕಡೆ ಕೈ ತೋರಿಸಿ, ತನ್ನ ಮನೆ ಅಲ್ಲಿದೆ, ಅಲೆಯ ಸದ್ದು ನಿಂತರೆ ತನ್ನ ತಾಯಿಗೆ ನಿದ್ದೆ ಬರುವುದಿಲ್ಲ ಎಂದನು. ಮಳೆಗಾಲದಲ್ಲಿ ಮಾತ್ರ ಈ ಶಾಂತಿಯನ್ನು ನಂಬಬೇಡಿ ಎಂಬ ಎಚ್ಚರಿಕೆಯನ್ನೂ ಹೇಳಿದನು.

ಆಗ ನನಗೆ ಹೊಳೆದದ್ದು ಇಷ್ಟು. ಅಕ್ಕನವರು ದೃಷ್ಟಾಂತಕ್ಕೆ ಆಯ್ದುಕೊಂಡದ್ದು ಕಡಲ ನೋಡಲು ಬಂದ ಯಾತ್ರಿಕನನ್ನಲ್ಲ, ಅಲ್ಲೇ ಮನೆ ಕಟ್ಟಿ ಒಲೆ ಹಚ್ಚಿದವನನ್ನು. ನಾನು ನಲವತ್ತು ವರ್ಷ ಯಾತ್ರಿಕನ ಭಯವನ್ನು ವರ್ಣಿಸಿ ಮನೆಯವನ ಮಾತನ್ನು ಬಿಟ್ಟುಬಿಟ್ಟಿದ್ದೆ. ಸಂಸಾರಿಗಳಿಗೆ ಆಡಬೇಕಾದ ಮಾತದು. ಅದನ್ನು ಸಂಸಾರಿಗಳ ನಿದ್ದೆ ಕೆಡಿಸುವಂತೆ ಆಡಿದ್ದೆ.

ಹಿರಿಯ ತಾಯಿ ಬಂಡೆಯಾಚೆಯ ತೆರೆಯನ್ನು ತೃಪ್ತಿಯಾಗುವವರೆಗೂ ನೋಡಿದರು. "ಅಪ್ಪ ಹೇಳಿದ್ದು ಇದೇ" ಎಂದರು. ಬಳಿಕ ನೀರಿಗೆ ಇಳಿಯುವ ಆಸೆಯಾಯಿತು. ಆದರೆ ಕೊರಳಿನ ಕರಡಿಗೆಯ ಚಿಂತೆ. ತೆರೆ ಸೆಳೆದು ಶಿವದಾರ ಹರಿದರೆ? ಅದನ್ನು ಬಿಚ್ಚಿ ಮಗಳ ಕೈಗೆ ಕೊಡುವ ಮಾತು ಯಾರ ಬಾಯಿಂದಲೂ ಬರಲಿಲ್ಲ, ಬರುವಂತೆಯೂ ಇಲ್ಲ. ಅವರೇ ಉಪಾಯ ಕಂಡುಕೊಂಡರು. ಎಡಗೈಯಲ್ಲಿ ಕರಡಿಗೆಯನ್ನು ಎದೆಗೊತ್ತಿ ಹಿಡಿದು, ಸೆರಗನ್ನು ಸೊಂಟಕ್ಕೆ ಬಿಗಿದು, ಬಲಗೈಯನ್ನು ಹುಡುಗಿಯ ಕೈಗೆ ಕೊಟ್ಟು ಹೆಜ್ಜೆ ಹೆಜ್ಜೆಯಾಗಿ ಇಳಿದರು. ಪಾದ ಮುಳುಗಿತು, ಹರಡು ಮುಳುಗಿತು. ಸಣ್ಣದೊಂದು ತೆರೆ ಬಂದು ಮೊಣಕಾಲಿಗೆ ತಾಗಿ ಹೋಯಿತು. ಕಾಲ ಕೆಳಗಿನ ಮರಳು ಜಾರಿದಾಗ ಒಮ್ಮೆ "ಶಿವಾ!" ಎಂದು ಕೂಗಿ, ಆಮೇಲೆ ಮಗುವಿನಂತೆ ನಕ್ಕರು. ಸಮುದ್ರದ ನೀರಿನಲ್ಲಿ ಲಿಂಗಕ್ಕೆ ಅಭಿಷೇಕ ಮಾಡಬಹುದೇ ಎಂದು ಹುಡುಗಿ ನನ್ನನ್ನು ಕೇಳಿದಳು. ನಾನು ಶಾಸ್ತ್ರ ನೆನೆಯುತ್ತಿರುವಾಗಲೇ ಮುತ್ತಜ್ಜಿ, "ಉಪ್ಪುನೀರು ನಮಗೇ ಕುಡಿಯೋಕಾಗಲ್ಲ, ದೇವರಿಗೆ ಯಾಕೆ?" ಎಂದು ತೀರ್ಮಾನ ಕೊಟ್ಟುಬಿಟ್ಟರು.

ಮಧ್ಯಾಹ್ನ ತೆಂಗಿನ ನೆರಳಿನಲ್ಲಿ, ಮನೆಯಿಂದ ತಂದಿದ್ದ ರೊಟ್ಟಿ ಬುತ್ತಿಯ ಪ್ರಸಾದವಾಯಿತು. ತೀರದ ಅಂಚಿನಲ್ಲಿ ಈಚೆಗೆ ಕಾಂಕ್ರೀಟಿನ ನಡೆದಾರಿ ಎದ್ದಿದೆ. ವೃದ್ಧರಿಗೆ ಅದರಿಂದ ಅನುಕೂಲವುಂಟೆಂದು ಒಪ್ಪುತ್ತೇನೆ. ಕಣ್ಣಿಗೆ ಮಾತ್ರ ಹಿತವಾಗಲಿಲ್ಲ.

ಮರಳುವಾಗ ಮಾಕುಟ್ಟ ತಲಪುವಷ್ಟರಲ್ಲಿ ಸಂಜೆ. ಠಾಣೆಯ ಬಳಿ ವಾಹನ ನಿಲ್ಲಿಸಿ ಮುಖ ತೊಳೆದುಕೊಂಡೆವು. ಹಿರಿಯ ತಾಯಿ ಕೈಬಾಯಿ ತೊಳೆದರು, ಕಾಲಿಗಂಟಿದ ಮರಳನ್ನು ಮಾತ್ರ ತೊಳೆಯಗೊಡಲಿಲ್ಲ. ಘಟ್ಟವೇರುತ್ತಿರುವಾಗ, ನಿದ್ದೆ ಹೋಗಿದ್ದಾರೆಂದುಕೊಂಡಿದ್ದವರು ಕತ್ತಲೆಯಲ್ಲೇ ಕೇಳಿದರು:

"ಬರೋ ಶ್ರಾವಣಕ್ಕೆ ನಮ್ಮೂರಿಗೆ ಬರ್ತೀರಲ್ಲ? ಆ ವಚನ ಮತ್ತೆ ಹೇಳ್ತೀರಾ?"

"ಹೇಳ್ತೀನಿ ತಾಯಿ. ಹಳೆಯ ಟಿಪ್ಪಣಿ ಸ್ವಲ್ಪ ತಿದ್ದೋದಿದೆ" ಎಂದೆ.

"ಬಂಡೆ ವಿಷಯಾನೂ ಸೇರಿಸಿ" ಎಂದು ಹೇಳಿ ಅವರು ಕಣ್ಣು ಮುಚ್ಚಿದರು. ಪೆರುಂಬಾಡಿಯ ಏರು ಮುಗಿದು ಕಾಫಿ ತೋಟಗಳು ಎದುರಾಗುವವರೆಗೂ ಅವರ ಎಡಗೈ ಕರಡಿಗೆಯ ಮೇಲೆಯೇ ಇತ್ತು.