ಟಾಂಗಾ ಕಲಿಯುವ ವಯಸ್ಸು

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಕುದುರೆ ಕಂಡರೆ ಕೈ ತುರಿಸುತ್ತದೆ. ಅದರ ಬೆನ್ನೇರುವ ಆಸೆ ಎಂದೂ ಇರಲಿಲ್ಲ. ಅಷ್ಟೆತ್ತರದಲ್ಲಿ, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲದ ಕಡೆ ಕೂರುವ ಭಾಗ್ಯ ರಾವುತರಿಗೇ ಇರಲಿ. ನನ್ನ ಆಸೆಯೆಲ್ಲ ಹಿಂದಿನ ಗಾಡಿಯ ಮೇಲೆ. ಒಂದು ಕಾಲು ಮೂಕಿಯ ಪಕ್ಕ ಇಳಿಬಿಟ್ಟು, ಲಗಾಮಿನ ಎರಡೆಳೆಯನ್ನು ಬೆರಳ ಸಂದಿಗೆ ಸಿಕ್ಕಿಸಿಕೊಂಡು, ಅರಮನೆಯ ಕೋಟೆಗೋಡೆಯ ಪಕ್ಕ ಗತ್ತಿನಿಂದ ಸಾಗಬೇಕು, ಅಷ್ಟೆ. ನಿವೃತ್ತಿಯಾದ ಮೈಸೂರಿನವರು ಸಾಮಾನ್ಯವಾಗಿ ಯೋಗಕ್ಕೋ ವೀಣೆಗೋ ಕುಕ್ಕರಹಳ್ಳಿ ಕೆರೆಯ ಏರಿಗೋ ಸೇರಿಕೊಳ್ಳುತ್ತಾರೆ. ನಾನು ಟಾಂಗಾ ಸ್ಟ್ಯಾಂಡಿಗೆ ಸೇರಿಕೊಂಡೆ. "ಇಷ್ಟು ವರ್ಷ ಹುಡುಗರನ್ನ ಕಾಯ್ದಿದ್ದು ಸಾಲ್ದೇನೋ" ಎಂದಷ್ಟೇ ಮನೆಯಾಕೆ ಹೇಳಿ, ಹುರುಳಿ ಡಬ್ಬಿಯನ್ನು ನನ್ನ ಕೈಗೆ ಎಟುಕದ ಮೇಲಿನ ಅಟ್ಟಕ್ಕೆ ಏರಿಸಿದಳು.

ನಮ್ಮೂರಿನ ಹಳೆಯ ಬೀದಿಗಳು ಕುದುರೆಯ ನಡಿಗೆಗೆ ಹೊಂದಿಕೊಂಡು ಹುಟ್ಟಿದಂಥವು. ಪುರಭವನ ಎದ್ದದ್ದು 1884ರಲ್ಲಿ, ಚಿಕ್ಕ ಗಡಿಯಾರ 1886ರಲ್ಲಿ, ಲ್ಯಾನ್ಸ್‌ಡೌನ್ ಕಟ್ಟಡ 1892ರಲ್ಲಿ. ಮೋಟಾರಿನ ಮುಖ ನೋಡುವ ಮೊದಲೇ ನಿಂತಿದ್ದವು. ಆಟೋದಲ್ಲಿ ಕೂತು ಇವುಗಳ ಮುಂದೆ ಹಾದರೆ ಅಂಗಡಿಗಳ ಬೋರ್ಡು ಕಾಣುತ್ತದೆ, ಟಾಂಗಾದಲ್ಲಿ ಹೋದರೆ ಕಮಾನು ಕಾಣುತ್ತದೆ. ಆಗ ಗಾಡಿಗಳಲ್ಲೂ ಜಾತಿಗಳಿದ್ದವು. ಸಾರೋಟು ದೊಡ್ಡವರದು. ಷಾಪಸಂದು, ಟಾಂಗಾ, ಜಟಕಾ ಉಳಿದವರವು. ಜಟಕಾದಲ್ಲಿ ಹಿಂದಿನಿಂದ ಹತ್ತಿ, ಹುಲ್ಲಿನ ಮೇಲೆ ಹಾಸಿದ ಬಟ್ಟೆಯಲ್ಲಿ ಮಂಡಿ ಮಡಚಿ ಕೂರಬೇಕಿತ್ತು. ಇಳಿದು ಮನೆಗೆ ಬಂದ ಮೇಲೂ ಪಂಚೆಯಲ್ಲಿ ಹುಲ್ಲಿನ ಎಳೆ ಸಿಗುತ್ತಿತ್ತು. ಗಾಡಿ ಹೊಡೆಯುವವರಲ್ಲಿ ಹೆಚ್ಚಿನವರು ಮುಸಲ್ಮಾನರಾದ್ದರಿಂದ ಅವರೆಲ್ಲ ಊರಿನ ಬಾಯಲ್ಲಿ ಸಾಹೇಬರು. 1943ರಲ್ಲಿ ಬಂದ ಡಿ.ವಿ.ಜಿ.ಯವರ ಕಗ್ಗದಲ್ಲೂ ಜಟಕಾದ ಒಡೆಯ ಸಾಹೇಬನೇ. ಆ ಪದ್ಯದಲ್ಲಿ ನಮಗೆ ಕೊಟ್ಟಿರುವ ಸ್ಥಾನ ಕುದುರೆಯದು. ಓದಿದವರೆಲ್ಲ ತಲೆದೂಗುತ್ತಾರೆ, ನಿಜವಾದ ಕುದುರೆಯ ಪಕ್ಕ ಹೋಗಿ ನಿಂತವರು ಕಡಿಮೆ.

ನನ್ನ ಗುರುವೂ ಸಾಹೇಬರೇ. ಮಂಡಿಮೊಹಲ್ಲಾದವರು, ಬಿಳಿ ಗಡ್ಡ, ಬೀಡಿಯ ಕೆಮ್ಮು, ಬಾಯಲ್ಲಿ ಉರ್ದು ಬೆರೆತ ಸೊಗಸಾದ ಮೈಸೂರು ಕನ್ನಡ. ಕುದುರೆಯ ಹೆಸರು ರಾಣಿ. ಲಗಾಮು ಕೊಡಿ ಎಂದು ಕೈ ಚಾಚಿದರೆ ಅವರು ಖರಾರ ಕೊಟ್ಟರು.

"ಮೊದ್ಲು ಮೈ ಉಜ್ಜಿ ಮೇಷ್ಟ್ರೇ. ಅವಳಿಗೆ ನಿಮ್ ವಾಸನೆ ಗೊತ್ತಾಗ್ಲಿ. ಲಗಾಮು ಎಲ್ ಓಡೋಗತ್ತೆ?"

ಹೀಗೆ ನನ್ನ ವಿದ್ಯಾಭ್ಯಾಸ ಬಹಳ ಕಾಲ ನೆಲದ ಮೇಲೆಯೇ ನಡೆಯಿತು. ಕುದುರೆಗೆ ಸುತ್ತಲೂ ಕಣ್ಣಿದ್ದಂತೆ, ಹೆಚ್ಚುಕಮ್ಮಿ ಎಲ್ಲ ದಿಕ್ಕೂ ಕಾಣುತ್ತದೆ. ಕಾಣದಿರುವುದು ನೇರ ಬೆನ್ನ ಹಿಂದೆ, ಮತ್ತು ಹಣೆಯ ಎದುರಿಗೇ ಒಂದಿಷ್ಟು ಜಾಗ. ಆದ್ದರಿಂದ ಹೆಗಲ ಕಡೆಯಿಂದ, ಏನಾದರೂ ಮಾತಾಡುತ್ತ ಹೋಗಬೇಕು. ಮಾತು ಯಾವುದಾದರೂ ಆದೀತು. ನಾನು ಹಳೆಯ ಅಭ್ಯಾಸಬಲದಿಂದ ಮಗ್ಗಿ ಹೇಳುತ್ತಿದ್ದೆ. ರಾಣಿ ಅದನ್ನು ಏಳನೇ ಕ್ಲಾಸಿನ ಹುಡುಗರಿಗಿಂತ ಶ್ರದ್ಧೆಯಿಂದ ಕೇಳುತ್ತಿದ್ದಳು. ಖರಾರ ಉಜ್ಜುವಾಗ ಕೂದಲು ಮಲಗಿದ ದಿಕ್ಕು, ಎಲುಬು ಉಬ್ಬಿದ ಕಡೆ ಹಗುರ, ಮಾಂಸಲವಾದ ಕಡೆ ಗಟ್ಟಿ. ಎದೆಪಟ್ಟಿ, ಹೊಟ್ಟೆಪಟ್ಟಿ ಕೂರುವ ಕಡೆ ಒಂದು ಹರಳು ಮರಳು ಉಳಿದರೂ ಸಂಜೆಗೆ ಅಲ್ಲಿ ಹುಣ್ಣು. ಕಾಲೆತ್ತಿಸಿ ಗೊರಸಿನ ಸಂದಿನ ಕಲ್ಲು ಕೀಳುವುದು, ಲಾಳದ ಮೊಳೆ ಸಡಿಲವಾಗಿದೆಯೇ ನೋಡುವುದು. ನೆನೆಸಿ ಬೇಯಿಸಿದ ಹುರುಳಿಯನ್ನು ಬಕೆಟ್ಟಿಗೆ ಸುರಿದಾಗ ಏಳುವ ಹಬೆಯಲ್ಲಿ ನಮ್ಮ ಹುರುಳಿಕಟ್ಟಿನ ಸಾರಿನ ವಾಸನೆಯೇ! ಬಾಯಲ್ಲಿ ನೀರೂರಿತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಆದರೆ ಅವಸರದ ಊಟ ಕುದುರೆಗೆ ಒಗ್ಗದು. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ; ಹೊಟ್ಟೆ ಕೆಟ್ಟರೆ ಪ್ರಾಣಕ್ಕೇ ಬರುತ್ತದೆ. "ನಮ್ಗೆ ಹಸಿದ್ರೆ ನಡೀತದೆ, ಅವಳಿಗೆ ನಡೆಯಲ್ಲ" ಎನ್ನುತ್ತಿದ್ದರು ಸಾಹೇಬರು, ಬನ್ನನ್ನು ಚಹಾದಲ್ಲಿ ಅದ್ದುತ್ತ.

ಗಾಡಿ ಕಟ್ಟುವುದಕ್ಕೂ ಒಂದು ಕ್ರಮ ಉಂಟು. ಮೊದಲು ಸಾಮಾನೆಲ್ಲ ಕುದುರೆಯ ಮೈಮೇಲೆ, ಆಮೇಲೆ ಗಾಡಿಯನ್ನೇ ಕುದುರೆಯ ಹತ್ತಿರ ತಳ್ಳಿ ತರಬೇಕು. ಬಿಚ್ಚುವಾಗ ಮೊದಲು ಗಾಡಿ, ಕಡೆಗೆ ಕಡಿವಾಣ. ಗಾಡಿ ಇನ್ನೂ ಬೆನ್ನಿಗಿರುವಾಗಲೇ ತಲೆಯ ಸಾಮಾನು ತೆಗೆದರೆ, ಕಣ್ಣುಪಟ್ಟಿ ಕಳಚಿದ ಕುದುರೆಗೆ ತನ್ನ ಹಿಂದೆ ಏನೋ ಒಂದು ಅಟ್ಟಿಸಿಕೊಂಡು ಬರುತ್ತಿರುವುದು ಒಮ್ಮೆಗೇ ಕಾಣುತ್ತದೆ, ತಡೆಯಲು ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಹೊರಡುವಾಗ ಲಗಾಮು ಹಿಡಿದವನೇ ಮೊದಲು ಹತ್ತಬೇಕು. ಇಳಿಯುವಾಗ ಅವನೇ ಕಡೆಯವನು. ಇದನ್ನು ಬೇರೆ ಕೆಲವು ವಾಹನಗಳ ಚಾಲಕರಿಗೂ ಕಲಿಸಬಹುದಿತ್ತು.

ಇನ್ನು ತೂಕ. ಜಟಕಾದಲ್ಲಿ ಓಡಾಡಿದ ಹಿರಿಯರಿಗೆಲ್ಲ ನೆನಪಿರುವ ಮಾತೆಂದರೆ "ಸ್ವಲ್ಪ ಮುಂದೆ ಜರುಗಿ ಸಾಮಿ", ಮರುಗಳಿಗೆಗೆ "ಸ್ವಲ್ಪ ಹಿಂದೆ". ಚಿಕ್ಕಂದಿನಲ್ಲಿ ನಾನು ಇದು ಸಾಹೇಬರ ಅಧಿಕಾರ ಚಲಾವಣೆ ಎಂದುಕೊಂಡಿದ್ದೆ. ಎರಡೇ ಚಕ್ರದ ಗಾಡಿಯದು ಅಚ್ಚಿನ ಮೇಲೆ ನಿಂತ ತಕ್ಕಡಿಯ ಬಾಳು. ದಪ್ಪನೆಯ ಭಾವಮೈದುನ ಮುಂದೆ ಕೂತರೆ ಮೂಕಿ ಕುದುರೆಯ ಬೆನ್ನನ್ನು ಒತ್ತುತ್ತದೆ. ಹಿಂದೆ ಕೂತರೆ ಮೂಕಿ ಮೇಲೇಳಲು ನೋಡಿ, ಹೊಟ್ಟೆಪಟ್ಟಿ ಕುದುರೆಯನ್ನು ಕೆಳಗಿನಿಂದ ಎತ್ತುತ್ತದೆ. ಸಾಹೇಬರು ಮೂಕಿಯ ತುದಿಗೆ ಎರಡು ಬೆರಳು ಕೊಟ್ಟು ಮೆಲ್ಲಗೆ ಎತ್ತಿ ನೋಡುತ್ತಾರೆ. ಹಗುರವಾಗಿ ತೇಲಿದರೆ ಸರಿ. ಇಲ್ಲದಿದ್ದರೆ ಜನರನ್ನು ಜರುಗಿಸುತ್ತಾರೆ: ಎಷ್ಟು ದೊಡ್ಡ ಮನುಷ್ಯರಾದರೂ ಜರುಗಬೇಕು. ಗಂಡ ಹೆಂಡತಿ ಜಗಳವಾಡಿ ಮೂಲೆಗೊಬ್ಬರು ಕೂತರೂ ಸಾಹೇಬರ ಬೆರಳಿಗೆ ತಿಳಿಯುತ್ತದಂತೆ. ಇದನ್ನು ನಾನು ಪೂರ್ತಿ ನಂಬಿಲ್ಲ.

ಕೊನೆಗೂ ಲಗಾಮು ಕೈಗೆ ಬಂದದ್ದು ಬನ್ನಿಮಂಟಪದ ಕಡೆ, ಹಾಲಿನ ವ್ಯಾನು ಬಿಟ್ಟರೆ ಬೇರೇನೂ ಓಡಾಡದ ಹೊತ್ತಿನಲ್ಲಿ. ಆಗಲೂ ಗಾಡಿಯಿಲ್ಲ. ಉದ್ದ ಲಗಾಮು ಹಿಡಿದು ರಾಣಿಯ ಹಿಂದೆ, ಒದೆತಕ್ಕೆ ಸಿಗದಷ್ಟು ದೂರದಲ್ಲಿ, ನಡೆಯುವುದು. ಆಮೇಲೆ ಗಾಡಿ, ಪಕ್ಕದಲ್ಲಿ ಸಾಹೇಬರು. ಲಗಾಮೆಂದರೆ ಆಷಾಢದ ಗಾಳಿಪಟದ ದಾರ. ಜಗ್ಗಿಯೇ ಇಟ್ಟರೂ ಕೆಟ್ಟಿತು, ಸಡಿಲ ಬಿಟ್ಟರೂ ಕೆಟ್ಟಿತು. ಬಾಯಿಯ ಕೊನೆಗೆ ನಮ್ಮ ಬೆರಳಿನ ಸುದ್ದಿ ತಲುಪುತ್ತಿರಬೇಕು, ಅಲ್ಲಿನ ಸುದ್ದಿ ನಮಗೆ ಬರುತ್ತಿರಬೇಕು. ಹಿಂದೆ ಕೂತವನಿಗೆ ಕುದುರೆಯ ಮುಖ ಕಾಣದು, ಕಾಣುವುದು ಎರಡು ಕಿವಿ. ಒಂದು ಕಿವಿ ಹಿಂದಕ್ಕೆ ತಿರುಗಿದ್ದರೆ ನಮ್ಮ ಮಾತು ಕೇಳುತ್ತಿದೆ. ಎರಡೂ ಮುಂದಕ್ಕೆ ನೆಟ್ಟಿದ್ದರೆ ಎದುರಿಗೆ ಏನೋ ಇದೆ. ನಮಗೆ ಕಾಣುವ ಮೊದಲೇ ಅದಕ್ಕೆ ಕಂಡಿದೆ, ಹೆಚ್ಚಾಗಿ ಹಾರಾಡುವ ಪ್ಲಾಸ್ಟಿಕ್ ಚೀಲ. ತಿರುವಿನಲ್ಲಿ ಕುದುರೆಯನ್ನು ನೋಡುತ್ತ ಕೂರಬಾರದು, ಒಳಗಡೆಯ ಚಕ್ರದ ನೆನಪಿರಬೇಕು. ಕುದುರೆ ಸಲೀಸಾಗಿ ತಿರುಗಿ ಹೋದ ಮೂಲೆಯನ್ನು ಚಕ್ರ ಅಡ್ಡ ಕೊಯ್ದುಕೊಂಡು ಬರುತ್ತದೆ, ಅಲ್ಲೇ ಯಾರದೋ ಸೌತೆಕಾಯಿ ಬುಟ್ಟಿ ಇರುತ್ತದೆ. ದೇವರಾಜ ಮಾರುಕಟ್ಟೆಯ ಪಕ್ಕ ನನ್ನನ್ನು ಇನ್ನೂ ಬಿಟ್ಟಿಲ್ಲದಿರುವುದು ಇದೇ ಕಾರಣಕ್ಕೆ.

ಚಾವಟಿಯ ಮುಖ್ಯ ಉಪಯೋಗ ತಿಳಿದದ್ದು ಸಯ್ಯಾಜಿರಾವ್ ರಸ್ತೆಯಲ್ಲಿ. ಸಾಹೇಬರು ಅದನ್ನು ತಿರುಗಿಸಿ, ಹಿಡಿಕೋಲನ್ನು ಓಡುವ ಚಕ್ರದ ಕಡ್ಡಿಗಳಿಗೆ ಕೊಟ್ಟರು. ಟರ್ರ್ ಎಂದು ಎದ್ದ ಸದ್ದಿಗೆ ಮೊಬೈಲು ನೋಡುತ್ತ ನಡೆಯುತ್ತಿದ್ದ ಹುಡುಗ ಕಾಲುದಾರಿಗೆ ನೆಗೆದ. ಹಾರ್ನಿಗೆ ಸರಿಯದವರೂ ಇದಕ್ಕೆ ಸರಿಯುತ್ತಾರೆ. ಹಿಮದ ದೇಶಗಳಲ್ಲಿ ಚಕ್ರವಿಲ್ಲದ ಜಾರುಗಾಡಿಗೆ ಕುದುರೆ ಕಟ್ಟುತ್ತಾರಷ್ಟೆ. ಹಿಮದಲ್ಲಿ ಗೊರಸಿನ ಸದ್ದೂ ಗಾಡಿಯ ಸದ್ದೂ ಇಂಗಿಹೋಗುವುದರಿಂದ ಅಲ್ಲಿ ಕುದುರೆಗೆ ಗೆಜ್ಜೆ ಕಟ್ಟದೆ ಗತಿಯಿಲ್ಲ. ರಷ್ಯಾದವರ ತ್ರೋಯ್ಕಾದಲ್ಲಂತೂ ಮೂರು ಕುದುರೆ ಸಾಲಾಗಿ: ನಡುವಿನದು ದುಲ್ಕಿ ಹಾಕಿದರೆ ಅಕ್ಕಪಕ್ಕದವು ನೆಗೆನೆಗೆದು ಓಡುತ್ತವೆ. ಇದನ್ನು ಸಾಹೇಬರಿಗೆ ಹೇಳಿದೆ. "ಮೂರಕ್ಕೆ ಹುರುಳಿ ಯಾರು ಹಾಕ್ತಾರೆ?" ಎಂದರು.

ಪ್ರಶ್ನೆ ಸಣ್ಣದಲ್ಲ. ಒಂದಕ್ಕೆ ಹಾಕುವುದೇ ಕಷ್ಟವಾಗಿದೆ. ದಸರೆಯಲ್ಲಿ ದಂಪತಿಗಳು ಪೇಟ ಸುತ್ತಿ, ರೇಷ್ಮೆಸೀರೆ ಉಟ್ಟು ಪಾರಂಪರಿಕ ಟಾಂಗಾ ಸವಾರಿ ಹೋಗುತ್ತಾರೆ, ಫೋಟೊ ಚೆನ್ನಾಗಿ ಬರುತ್ತದೆ. ಉಳಿದ ತಿಂಗಳುಗಳಲ್ಲಿ ಪ್ರವಾಸಿಗಳು ಬಂದರೆ ಉಂಟು. ಪ್ರಾಣಿಹಿಂಸೆ ತಡೆಯುವ 1965ರ ನಿಯಮದ ಪ್ರಕಾರ ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕೇ ಜನ. ದಿನಕ್ಕೆ 9 ಗಂಟೆ ಮೀರುವಂತಿಲ್ಲ, ಒಂದೇ ಸಮನೆ 5 ಗಂಟೆ ಮೀರುವಂತಿಲ್ಲ. ಬಿಸಿಲು 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟುವಂತೆಯೇ ಇಲ್ಲ. ಮುಂಬೈಯಲ್ಲಿ ಮೋಜಿನ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು ಹೈಕೋರ್ಟು 2015ರಲ್ಲಿ ಹೇಳಿತು. ಕುದುರೆಯ ಪಕ್ಕೆಲುಬು ಎಣಿಸುವ ಹಾಗಿದ್ದರೆ ಆ ತೀರ್ಪಿಗೆ ನನ್ನದೂ ಒಂದು ರುಜು. ರಾಣಿಯ ಮೈ ನೋಡಿದಾಗ ಮನಸ್ಸು ಬೇರೆ ಹೇಳುತ್ತದೆ. ಆದರೆ ಸಾಹೇಬರ ಮಗ ಆಟೋ ಓಡಿಸುತ್ತಾನೆ, ಮೊಮ್ಮಗ ಕಂಪ್ಯೂಟರ್ ಓದುತ್ತಾನೆ. ಅವರನ್ನು ಟಾಂಗಾಕ್ಕೆ ಬನ್ನಿ ಎಂದು ಕರೆಯುವ ಹಕ್ಕು, ಪಿಂಚಣಿ ತಿನ್ನುತ್ತ ಮೋಜಿಗೆ ಕಲಿಯುವ ನನಗಿಲ್ಲ.

ಈಗ ಬಾಕಿ ಉಳಿದಿರುವ ಪಾಠ ಹಿಂದಕ್ಕೆ ನಡೆಸುವುದು. ಮುಂದೆ ಹೋಗುವುದು ಕುದುರೆಯ ಸ್ವಭಾವ. ಕಾಣದ ಕಡೆಗೆ ಒಂದೊಂದೇ ಹೆಜ್ಜೆ ಹಿಂದೆ ಇಡಲು ಅದು ನಮ್ಮನ್ನು ನಂಬಬೇಕು. ಯಾವಾಗ ಕಲಿಸುತ್ತೀರಿ ಎಂದು ಕೇಳಿದೆ.

"ದಸರಾ ಮುಗೀಲಿ ಮೇಷ್ಟ್ರೇ, ಈಗ ಪುರುಸೊತ್ತಿಲ್ಲ. ಬರೋವಾಗ ಎರಡು ಸೇರು ಹುರುಳಿ ತನ್ನಿ. ಹೋದ್ಸಲ ತಂದಿದ್ರಲ್ಲ, ಆ ಅಂಗಡೀದು ಬೇಡ, ಕಲ್ಲು ಜಾಸ್ತಿ."